ತಾವೇ ಕಟ್ಟಿಕೊಳ್ಳುವ ಪೆಪ್ಟೈಡುಗಳು

ಮನೆ ಕಟ್ಟಲು ಇಟ್ಟಿಗೆಯೂ ಬೇಕು, ಗಾರೆಯವನೂ ಬೇಕು. ಗಾರೆಯವನಿಲ್ಲದೆ ತಾವೇ ಸಾಲುಗೂಡುವ ಇಟ್ಟಿಗೆಗಳೂ ಸೃಷ್ಟಿಯಲ್ಲುಂಟು. ಅಮೈನೊ ಆಮ್ಲಗಳು ಸರಪಳಿಯಾಗಿ ಕೂಡಿದಾಗ ಪೆಪ್ಟೈಡು ಎನಿಸುತ್ತದೆ. ಕೆಲವು ಪೆಪ್ಟೈಡುಗಳು ನೀರಿನಲ್ಲಿ, ಜಲಜನಕದ ಬಂಧಗಳಿಂದಲೂ ನೀರನ್ನೊಲ್ಲದ ಭಾಗಗಳು ಪರಸ್ಪರ ಒತ್ತಾಗುವುದರಿಂದಲೂ, ಎಳೆಗಳಾಗಿ ಕೊಳವೆಗಳಾಗಿ ರೂಪುಗೊಳ್ಳುತ್ತವೆ. ಇವುಗಳ ದಪ್ಪವನ್ನು ಅಳೆಯುವುದು ನ್ಯಾನೊಮೀಟರುಗಳಲ್ಲಿ. ಒಂದು ನ್ಯಾನೊಮೀಟರು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು.

ಈ ಗುಣವು ಸದಾ ಹಿತಕರವಲ್ಲ. ಆಲ್ಜೈಮರ್ ರೋಗಿಗಳ ಮೆದುಳಿನಲ್ಲಿ ಒಂದು ಪೆಪ್ಟೈಡು ಎಳೆಗಟ್ಟಿ ಶೇಖರವಾಗುತ್ತದೆ. ಅದರಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಫೀನೈಲ್‌ಅಲನೀನುಗಳ ಜೋಡಿಯೊಂದೇ ನ್ಯಾನೊಕೊಳವೆಗಳನ್ನು ಕಟ್ಟಬಲ್ಲುದೆಂದು ಇಸ್ರೇಲಿನ ಮೀಟಲ್ ರೆಖೆಸ್ ಮತ್ತು ಎಹುದ್ ಗಾಜಿತ್ 2003ರಲ್ಲಿ ತೋರಿಸಿದರು. ಕೊಳವೆಯನ್ನೇ ಅಚ್ಚಾಗಿಸಿ, ಒಳಗೆ ಬೆಳ್ಳಿಯನ್ನು ಬೆಳೆಸಿ, ಬಳಿಕ ಪೆಪ್ಟೈಡನ್ನು ಕಿಣ್ವದಿಂದ ಕರಗಿಸಲು, ಸುಮಾರು 20 ನ್ಯಾನೊಮೀಟರು ದಪ್ಪದ ಬೆಳ್ಳಿಯ ತಂತಿ ಉಳಿಯಿತು.

ಅಲ್ಲಿ ಅನುಕೂಲವಾದ ಈ ಕರಗುವಿಕೆಯು ಶರೀರದೊಳಗೆ ಬಾಳಬೇಕಾದ ವಸ್ತುವಿಗೆ ದೋಷವೇ ಸರಿ. ನಮ್ಮ ಪುಣೆಯಲ್ಲಿ 2006ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಯಲ್ಲಿ ಹೊಸಹುಡ್ಯ ಗೋಪಿಯವರ ಬಳಗವು ಗ್ಯಾಮಾ ಅಮೈನೊ ಆಮ್ಲಗಳನ್ನು ಬೆರೆಸಿ ಪೆಪ್ಟೈಡುಗಳನ್ನು ರಚಿಸಿದೆ. ಈ ಆಮ್ಲಗಳ ಬೆನ್ನೆಲುಬಿನಲ್ಲಿ, ಪ್ರೋಟೀನುಗಳಲ್ಲಿರುವ ಆಮ್ಲಗಳಿಗಿಂತ ಎರಡು ಇಂಗಾಲದ ಪರಮಾಣುಗಳು ಹೆಚ್ಚು. ಆದುದರಿಂದ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿಗೆ ಇವು ಸುಲಭವಾಗಿ ವಶವಾಗವು; ಆದರೂ ಸುರುಳಿಯಾಗಿ ಮಡಿಯುವ ಶಕ್ತಿಯನ್ನು ಕಳೆದುಕೊಳ್ಳವು.

ಕಟ್ಟಡದ ನಕ್ಷೆಯು ಇಟ್ಟಿಗೆಯಲ್ಲಿಯೇ ಅಡಗಿದೆ. ಒಂದು ಆಮ್ಲವನ್ನು ಬದಲಿಸಿದರೂ ಕಟ್ಟಡವು ಬೇರೆಯಾಗಬಹುದು. ಅದನ್ನರಿತು ಬದಲಿಸುವುದೇ ಈ ಶಾಸ್ತ್ರದ ಸಾಧನೆ.