ಪೀಠದಡಿಯ ಕಲ್ಲು

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮಲ್ಲಿ ಕತೆ, ಕವಿತೆ, ಆತ್ಮಕಥನಗಳ ಮಾತು ಬರುತ್ತದೆ. ಬರಲಿ, ತಪ್ಪಿಲ್ಲ. ಆದರೆ ಒಂದು ಶಾಸನ, ಒಂದು ಉತ್ಖನನ ವರದಿ, ತಹಸೀಲ್ದಾರರ ಒಂದು ಆದೇಶ, ಇವೂ ಪಠ್ಯಗಳೇ. ಇವನ್ನು ಬರೆದವರು ಯಾರು, ಓದುವ ಹಕ್ಕು ಯಾರದು, ಓದದಂತೆ ತಡೆಯುವವರು ಯಾರು ಎಂದು ಕೇಳುವುದೂ ವಿಮರ್ಶೆಯ ಕೆಲಸವೇ. ಈ ಮಾತನ್ನು ವಿವರಿಸಲು ಚಿತ್ತಾಪುರ ತಾಲೂಕಿನ ಸನ್ನತಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ. ಈ ಭಾಗದ ಒಂದು ಪದವಿ ಕಾಲೇಜಿನಲ್ಲಿ ಪಾಠ ಹೇಳುವವನಾದ್ದರಿಂದ ಸನ್ನತಿ ನನಗೆ ನಕ್ಷೆಯ ಮೇಲಿನ ಚುಕ್ಕೆಯಲ್ಲ.

ಮೊದಲು ಸಂಗತಿ ತಿಳಿಯೋಣ. ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನವಿದೆ. ಅದೇ ಆವರಣದ ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿಯಿತು. ಮೂರ್ತಿಗೆ ಪೀಠವಾಗಿದ್ದ ಚಪ್ಪಡಿ ಆಗ ಹೊರಬಂತು. ಅದರ ಎರಡೂ ಮಗ್ಗುಲಲ್ಲಿ ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಬರಹವಿತ್ತು. ಅದು ಅಶೋಕನ ಶಾಸನ. ಮೂರ್ತಿಯನ್ನು ನಿಲ್ಲಿಸಲು ನಡುವೆ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರಗಳು ಹೋಗಿಬಿಟ್ಟಿದ್ದವು. ಉಳಿದದ್ದನ್ನು ಓದಿದ ವಿದ್ವಾಂಸರು ಅದರಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳ ಪಾಠವನ್ನೂ, ಎರಡು 'ಪ್ರತ್ಯೇಕ ಶಾಸನ'ಗಳ ಪಾಠವನ್ನೂ ಗುರುತಿಸಿದರು. ಈ ಪ್ರತ್ಯೇಕ ಶಾಸನಗಳು ಅದಕ್ಕೆ ಮುಂಚೆ ಗೊತ್ತಿದ್ದದ್ದು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ. ಕಳಿಂಗದ ಅಧಿಕಾರಿಗಳಿಗೆ ಬರೆದ ಮಾತು ಭೀಮಾ ತೀರಕ್ಕೆ ಹೇಗೆ ಬಂತು ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ.

ಕಲ್ಲಿನಲ್ಲಿ ಏನಿದೆ? ಹನ್ನೆರಡನೆಯ ಶಾಸನದ ತಿರುಳು ಇಷ್ಟು: ತನ್ನ ಪಂಥವನ್ನು ಹೊಗಳಲು ಇನ್ನೊಬ್ಬರ ಪಂಥವನ್ನು ಹಳಿಯಬೇಡ, ಹಳಿದರೆ ಕೆಡುವುದು ನಿನ್ನ ಪಂಥವೇ, ಮಾತಿಗೆ ಹಿಡಿತವಿರಲಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿರಿ. ಪ್ರತ್ಯೇಕ ಶಾಸನದ ವಿಷಯ ಬೇರೆ. ಅದು ನ್ಯಾಯ ಹೇಳುವ ಅಧಿಕಾರಿಗಳಿಗೆ ಕೊಟ್ಟ ತಾಕೀತು. ಕಾರಣವಿಲ್ಲದೆ ಜನರು ಬಂಧನಕ್ಕೂ ಹಿಂಸೆಗೂ ಒಳಗಾಗುತ್ತಿದ್ದಾರೆ, ಹಾಗಾಗಕೂಡದು. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ ಇರುವ ಅಧಿಕಾರಿಯಿಂದ ನ್ಯಾಯ ಸಾಧ್ಯವಿಲ್ಲ. ಇದನ್ನು ಗೊತ್ತಾದ ದಿನಗಳಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಸರಿ. ಇಂದು ನಾಗರಿಕ ಹಕ್ಕು ಎಂದು ಕರೆಯುವ ಎರಡು ಮುಖ್ಯ ವಿಷಯಗಳು, ಭಿನ್ನಮತದ ಗೌರವ ಮತ್ತು ಕಾರಣವಿಲ್ಲದ ಬಂಧನದ ವಿರೋಧ, ಒಂದೇ ಚಪ್ಪಡಿಯ ಮೇಲೆ ಇದ್ದವು. ಆ ಚಪ್ಪಡಿ ಪೀಠದಡಿ ಇತ್ತು.

ಇಲ್ಲಿ ನಮ್ಮವರಿಗೊಂದು ಆಸೆ ಹುಟ್ಟುತ್ತದೆ. 'ನೋಡ್ರಿ, ಬುದ್ಧನ ಮಾತನ್ನ ಬೇಕಂತಲೇ ತುಳಿದು ಮ್ಯಾಲೆ ಕಾಳಿನ ಕೂಡಿಸ್ಯಾರ' ಎಂದು ಭಾಷಣ ಮಾಡುವ ಆಸೆ. ಚಪ್ಪಾಳೆ ಬೀಳುತ್ತದೆ. ಆದರೆ ಪುರಾವೆ ಎಲ್ಲಿ? ಅಶೋಕನ ಕಾಲದ ಬ್ರಾಹ್ಮೀಯನ್ನು ಓದುವ ಬಗೆ ಈ ದೇಶದಲ್ಲಿ ನೂರಾರು ವರ್ಷ ಮರೆತೇ ಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಓದಿದ್ದು 1837ರ ಹೊತ್ತಿಗೆ. ಆ ಗುಡಿ ಕಟ್ಟಿದವರಿಗೆ ಅದೊಂದು ಒಳ್ಳೆಯ ಚಪ್ಪಡಿ ಕಲ್ಲು ಆಗಿದ್ದಿರಬಹುದು, ಅಷ್ಟೇ. ಬೌದ್ಧ ನೆಲೆಗಳು ಹೇಗೆ ಬರಿದಾದವು, ಯಾರ ಕೈಗೆ ಹೋದವು ಎಂಬ ದೊಡ್ಡ ಪ್ರಶ್ನೆ ಇದ್ದೇ ಇದೆ, ಅದನ್ನು ಕೇಳಲೇಬೇಕು. ಆದರೆ ಈ ಒಂದು ಕಲ್ಲಿನ ಮೇಲೆ ನಮಗೆ ಬೇಕಾದ ತೀರ್ಪನ್ನು ಹೊರಿಸಿದರೆ, ಪುರಾಣವನ್ನು ಇತಿಹಾಸ ಎನ್ನುವವರಿಗೂ ನಮಗೂ ಏನು ವ್ಯತ್ಯಾಸ? ಪುರಾವೆ ಕೇಳುವ ಅಭ್ಯಾಸವನ್ನು ನಾವು ಎದುರಾಳಿಗೆ ಮಾತ್ರ ಇಟ್ಟುಕೊಳ್ಳಬಾರದು. ಸಾವಿರಾರು ವರ್ಷ ನಮ್ಮನ್ನು ಪುರಾವೆಯಿಲ್ಲದ ಮಾತಿನಿಂದಲೇ ಕಟ್ಟಿಹಾಕಿದ್ದಾರೆ. ಪುರಾವೆ ಅನ್ನುವುದು ಬಲವಿಲ್ಲದವನ ಕೈಯ ಆಯುಧ. ಬಲವಿದ್ದವನಿಗೆ ಅದರ ಜರೂರಿಲ್ಲ.

ಪುರಾವೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಪಕ್ಕದ ಕನಗನಹಳ್ಳಿಯೇ ಸಾಕ್ಷಿ. ಅಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1994ರಲ್ಲಿ ಉತ್ಖನನ ಆರಂಭಿಸಿತು. ಮಣ್ಣಿನಡಿ ದೊಡ್ಡ ಸ್ತೂಪವೊಂದು ಸಿಕ್ಕಿತು. ಶಾಸನಗಳಲ್ಲಿ ಅದಕ್ಕೆ 'ಅಧೋಲೋಕ ಮಹಾಚೈತ್ಯ' ಎಂಬ ಹೆಸರಿದೆ. ಕೆತ್ತನೆಯ ಫಲಕಗಳೆಲ್ಲ ಈ ಸೀಮೆಯ ಸುಣ್ಣಕಲ್ಲಿನವು, ಇವತ್ತು ಶಹಾಬಾದ ಕಲ್ಲು ಎಂದು ಊರೂರಿಗೆ ಹೋಗುವ ಕಲ್ಲಿನ ನೆಂಟ. ಒಂದು ಫಲಕದಲ್ಲಿ ರಾಜ, ಪಕ್ಕದಲ್ಲಿ ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದಿದೆ. ಈ ಎರಡು ಪದ ಇರದೇ ಹೋಗಿದ್ದರೆ ಅದು ಯಾವನೋ ಒಬ್ಬ ರಾಜನ ಚಿತ್ರವಾಗಿ ಉಳಿಯುತ್ತಿತ್ತು. ಹೆಸರಿದೆ, ಲಿಪಿಯ ಕಾಲ ಗೊತ್ತಿದೆ, ಆದ್ದರಿಂದ ಅಶೋಕ ಎನ್ನುತ್ತೇವೆ. ಹಾಗೆಂದು ಅದು ಅವನನ್ನು ಕಣ್ಣಾರೆ ಕಂಡು ಕೆತ್ತಿದ್ದಲ್ಲ. ಅವನು ಸತ್ತು ತಲೆಮಾರುಗಳು ಕಳೆದ ಮೇಲಿನದು. ಇಷ್ಟನ್ನು ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳಬಾರದು. ವಿಜ್ಞಾನದ ಶಿಸ್ತು ಅಂದರೆ ಇದೇ: ಎಲ್ಲಿ ನಿಲ್ಲಬೇಕೆಂದು ಗೊತ್ತಿರುವುದು. ದಾನ ಕೊಟ್ಟವರ ಹೆಸರುಗಳೂ ಅಲ್ಲಿವೆ. ಶಾತವಾಹನ ರಾಜರ ಜೊತೆಗೆ ಭಿಕ್ಷುಣಿಯರಿದ್ದಾರೆ, ಸಾಮಾನ್ಯ ಗೃಹಸ್ಥರಿದ್ದಾರೆ. ಚರಿತ್ರೆಯಲ್ಲಿ ಹೆಸರಿಲ್ಲದವರ ಹೆಸರು ಹುಡುಕುವ ನಮಗೆ ಇದು ಸಣ್ಣ ವಿಷಯವಲ್ಲ.

ಈಗ ಪ್ರಭುತ್ವದ ವಿಷಯಕ್ಕೆ ಬರೋಣ. 1994ರಲ್ಲಿ ಅಗೆಯಲು ಶುರು ಮಾಡಿದ ಜಾಗದ ಪೂರ್ಣ ವರದಿ ಪುಸ್ತಕವಾದದ್ದು 2011ರಲ್ಲಿ. ಅದೂ ಇಂಗ್ಲಿಷಿನಲ್ಲಿ. ಈ ನಡುವೆ ಒಂದು ಮಗು ಹುಟ್ಟಿ ಹತ್ತನೇ ತರಗತಿ ಮುಗಿಸಬಹುದು. ವಿಳಂಬಕ್ಕೆಲ್ಲ ಪಿತೂರಿ ಕಾರಣವಲ್ಲ. ಹಣ, ಸಿಬ್ಬಂದಿ, ಕಡತಗಳ ನಿಧಾನಗತಿ, ಎಲ್ಲ ಇರುತ್ತದೆ. ಆದರೆ ವ್ಯವಸ್ಥೆಯನ್ನು ಗಮನಿಸಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ಕೂಡ ಕೇಂದ್ರದ ಒಪ್ಪಿಗೆಯಿಲ್ಲದೆ ಉತ್ಖನನ ಮಾಡುವಂತಿಲ್ಲ. ಅಗೆಯುವವರು, ಅನುಮತಿ ಕೊಡುವವರು, ವರದಿ ಅಚ್ಚು ಹಾಕುವವರು, ಅಗೆದವನನ್ನು ವರ್ಗ ಮಾಡುವವರು ಒಂದೇ ಮನೆಯವರು. ಕಳ್ಳ ಅಗೆತ ತಡೆಯಲು ಕಾನೂನು ಬೇಕೇ ಬೇಕು. ಆದರೆ ಮಣ್ಣಿನಡಿಯ ಸತ್ಯಕ್ಕೆ ಒಂದೇ ಬಾಗಿಲು, ಆ ಬಾಗಿಲಿಗೆ ಒಂದೇ ಕೀಲಿಕೈ ಇದ್ದರೆ ಏನಾಗಬಹುದು?

ಏನಾಗಬಹುದು ಎಂಬುದನ್ನು ತಮಿಳುನಾಡಿನ ಕೀಳಡಿ ತೋರಿಸಿದೆ. ಅಲ್ಲಿ ಉತ್ಖನನ ನಡೆಸಿದ ಅಮರನಾಥ ರಾಮಕೃಷ್ಣ ಅವರನ್ನು 2017ರಲ್ಲಿ ಕೆಲಸ ನಡೆದಿರುವಾಗಲೇ ಅಸ್ಸಾಮಿಗೆ ವರ್ಗ ಮಾಡಲಾಯಿತು. ಅವರು 2023ರ ಜನವರಿಯಲ್ಲಿ 982 ಪುಟಗಳ ವರದಿ ಕೊಟ್ಟರು. ಎರಡು ವರ್ಷ ಕಳೆದ ಮೇಲೆ, 2025ರ ಮೇನಲ್ಲಿ, ಕಾಲನಿರ್ಣಯ ಮುಂತಾದವನ್ನು ತಿದ್ದಿಕೊಡಿ ಎಂದು ಇಲಾಖೆ ಕೇಳಿತು. ಅವರು ತಮ್ಮ ನಿಲುವಿಗೇ ಅಂಟಿಕೊಂಡರು. ಜೂನಿನಲ್ಲಿ ಮತ್ತೆ ವರ್ಗ. ಇಲಾಖೆ ಇದು ಮಾಮೂಲಿ ಪರಿಶೀಲನೆ ಎಂದಿತು. ವರದಿಯನ್ನು ಪರಿಶೀಲಿಸುವುದು ತಪ್ಪಲ್ಲ, ವಿಜ್ಞಾನ ಬೆಳೆಯುವುದೇ ಹಾಗೆ. ಆದರೆ ಪರಿಶೀಲನೆ ಬೆಳಕಿನಲ್ಲಿ ಆಗಬೇಕು: ವರದಿ ಅಚ್ಚಾಗಲಿ, ಒಪ್ಪದವರು ಕಾರಣ ಕೊಟ್ಟು ಬರೆಯಲಿ, ಓದುವವರು ತೂಗಿ ನೋಡಲಿ. ವರ್ಗಾವಣೆಯ ಆದೇಶ ಯಾವ ವಾದಕ್ಕೂ ಉತ್ತರವಲ್ಲ. ತಮಿಳು ಹೆಮ್ಮೆಗೆ ಬೇಕಾದ ಕಾಲನಿರ್ಣಯವನ್ನು ಅಲ್ಲಿನ ಸರ್ಕಾರ ಮೊದಲೇ ಸಾರಿಬಿಟ್ಟರೆ, ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಶಾಲೆಯ ಪುಸ್ತಕಗಳದ್ದೂ ಇದೇ ಕತೆ. ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನದಿಂದ ಜೀವವಿಕಾಸದ ಭಾಗವನ್ನು ತೆಗೆಯಿತು. 2023ರ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪ್ರತಿಭಟಿಸಿದರು. ಡಾರ್ವಿನ್ ನಮ್ಮ ಕೇರಿಗೆ ಯಾಕೆ ಬೇಕು? ಮನುಷ್ಯರೆಲ್ಲ ಒಂದೇ ಬೇರಿನವರು ಎಂದು ಪುರಾವೆ ಸಮೇತ ಹೇಳಿದ ವಿದ್ಯೆ ಅದು. ಮುಖದಿಂದ ಹುಟ್ಟಿದವನು, ಪಾದದಿಂದ ಹುಟ್ಟಿದವನು ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಇಲ್ಲ. ಹತ್ತನೇ ತರಗತಿಗೇ ಓದು ಬಿಡುವ ಮಕ್ಕಳು ನಮ್ಮ ಕಡೆ ಕಡಿಮೆಯೇನಿಲ್ಲ. ಅವರಿಗೆ ಆ ಪಾಠ ಮತ್ತೆ ಸಿಗುವುದಿಲ್ಲ. ಕರ್ನಾಟಕದಲ್ಲಿ 2022ರಲ್ಲಿ ಒಂದು ಸರ್ಕಾರದ ಸಮಿತಿ ಪಠ್ಯ ಬದಲಿಸಿತು. 2023ರಲ್ಲಿ ಇನ್ನೊಂದು ಸರ್ಕಾರ ಬಂದು ಅದನ್ನು ತಿರುಗಿ ಬದಲಿಸಿತು. ಸಾವಿತ್ರಿಬಾಯಿ ಫುಲೆಯವರ ಪಾಠ ಬಂದದ್ದು ನನಗೆ ಸಂತೋಷವೇ. ಆದರೆ ಸಂಪುಟದ ತೀರ್ಮಾನದಿಂದ ಬಂದದ್ದು ಸಂಪುಟದ ತೀರ್ಮಾನದಿಂದಲೇ ಹೋಗುತ್ತದೆ. ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: 'ಸರ, ಸರ್ಕಾರ ಬದಲಾದ್ರ ಇತಿಹಾಸಾನೂ ಬದಲಾಗ್ತದೇನ್ರಿ?' ಈ ಪ್ರಶ್ನೆಗೆ 'ಇಲ್ಲಮ್ಮ' ಎಂದು ಹೇಳುವ ಧೈರ್ಯ ಮೇಷ್ಟ್ರಿಗೆ ಇರಬೇಕಾದರೆ, ಪಠ್ಯ ಬರೆಯುವ ಸಂಸ್ಥೆ ಎಲ್ಲ ಪಕ್ಷಗಳ ಕೈಗೂ ಸಿಗದ ದೂರದಲ್ಲಿರಬೇಕು.

ತಡೆಯುವ ಕೈ ಸರ್ಕಾರದ್ದೇ ಆಗಿರಬೇಕೆಂದಿಲ್ಲ. ಎಂ. ಎಂ. ಕಲಬುರ್ಗಿಯವರು ಶಾಸನ ಓದುವುದನ್ನೇ ಬದುಕು ಮಾಡಿಕೊಂಡವರು. 'ಮಾರ್ಗ'ದ ಬರಹಗಳಿಗಾಗಿ 1989ರಲ್ಲಿ ಮಠದ ಒತ್ತಡಕ್ಕೆ ಮಣಿದು ಮಾತು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಮಠ, ಗುಂಪು, ಪಿಸ್ತೂಲು, ಇವುಗಳೆದುರು ಓದುವವನನ್ನು ಕಾಯುವುದು ಪ್ರಭುತ್ವದ ಕರ್ತವ್ಯ. ಕಾಯದೇ ಇರುವುದೂ ಒಂದು ಬಗೆಯ ಹಸ್ತಕ್ಷೇಪವೇ.

ಇನ್ನು ನಮಗೆ ಕಷ್ಟವಾಗುವ ಮಾತು. ಸನ್ನತಿ ಇರುವ ತಾಲೂಕಿನ ಕೇಂದ್ರ ಚಿತ್ತಾಪುರ. 2025ರ ಅಕ್ಟೋಬರ್ 19ರಂದು ಅಲ್ಲಿ ಪಥಸಂಚಲನ ಮಾಡಲು ಆರೆಸ್ಸೆಸ್ ಕೇಳಿದ ಅನುಮತಿಯನ್ನು ತಾಲೂಕು ಆಡಳಿತ ಕೊಡಲಿಲ್ಲ. ಅದೇ ದಿನ ಮೆರವಣಿಗೆ ಮಾಡುತ್ತೇವೆಂದು ದಲಿತ ಸಂಘಟನೆಗಳೂ ಅರ್ಜಿ ಹಾಕಿದ್ದವು. ಶಾಂತಿಗೆ ಭಂಗ ಬರುತ್ತದೆ ಎಂಬುದು ಆಡಳಿತದ ಕಾರಣ. ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು. ಕೊನೆಗೆ ನವೆಂಬರ್ 16ರಂದು ಷರತ್ತುಗಳೊಂದಿಗೆ ಪಥಸಂಚಲನ ನಡೆಯಿತು. ಆ ಸಂಘಟನೆಯ ವಿಚಾರಕ್ಕೂ ನನಗೂ ಎಣ್ಣೆ ಸೀಗೆಕಾಯಿ. ಆದರೂ ಕೇಳಿಕೊಳ್ಳಬೇಕು: 'ಶಾಂತಿಭಂಗ' ಎಂಬ ಪದ ಇಷ್ಟು ವರ್ಷ ಯಾರ ಮೇಲೆ ಬಿದ್ದಿದೆ? ಊರೊಳಗಿಂದ ಅಂಬೇಡ್ಕರ್ ಫೋಟೋ ಮೆರವಣಿಗೆ ಒಯ್ಯಬೇಕೆಂದಾಗ, ದೇವಸ್ಥಾನದ ಬಾಗಿಲಿಗೆ ಹೋಗಬೇಕೆಂದಾಗ, ಕೆರೆಯ ನೀರು ಮುಟ್ಟಬೇಕೆಂದಾಗ ಇದೇ ಪದವನ್ನು ನಮ್ಮ ಎದುರಿಗೆ ಹಿಡಿದಿದ್ದಾರೆ. ಎದುರಾಳಿಯನ್ನು ನಿಲ್ಲಿಸಲಿ ಎಂದು ನಾವು ತಹಸೀಲ್ದಾರರ ಕೈಗೆ ಬಲ ತುಂಬಿದರೆ, ಸರ್ಕಾರ ಬದಲಾದ ಮರುದಿನ ಆ ಬಲ ನಮ್ಮ ಕೇರಿಯ ಬಾಗಿಲಿಗೆ ಬರುತ್ತದೆ. ಬೆದರಿಕೆ, ಹಲ್ಲೆಗೆ ಕಾನೂನಿದೆ, ಅದು ಜಾರಿಯಾಗಲಿ. ಒಪ್ಪದ ವಿಚಾರಕ್ಕೆ ಉತ್ತರ ನಮ್ಮ ವಿಚಾರವೇ ಆಗಬೇಕು. ಹನ್ನೆರಡನೆಯ ಶಾಸನವನ್ನು ನಮ್ಮದು ಎನ್ನುವವರು ಅದನ್ನು ನಮಗೂ ಅನ್ವಯಿಸಿಕೊಳ್ಳಬೇಕು.

ಹಾಗೆಂದು ಅಶೋಕನನ್ನು ಇನ್ನೊಬ್ಬ ದೇವರು ಮಾಡುವುದು ಬೇಡ. ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದವನು ಅವನು. ಮಕ್ಕಳು ಎಂದಾಗ ಕರುಣೆ ಇದೆ, ಹಕ್ಕು ಇಲ್ಲ. ಅಪ್ಪನ ಮನಸ್ಸು ಬದಲಾದರೆ ಮಗ ಯಾರನ್ನು ಕೇಳಬೇಕು? ಬಾಬಾಸಾಹೇಬರು ಬೌದ್ಧ ಪರಂಪರೆಯನ್ನು ಅಪ್ಪಿಕೊಂಡರೂ, ಬಂಧಿತನ ರಕ್ಷಣೆಯನ್ನು ರಾಜನ ಕರುಣೆಗೆ ಬಿಡಲಿಲ್ಲ. ಬಂಧನಕ್ಕೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಇಂದು ಸಂವಿಧಾನದ 22ನೇ ವಿಧಿ. 1949ರ ಸೆಪ್ಟೆಂಬರ್‌ನಲ್ಲಿ ಸಂವಿಧಾನ ಸಭೆಯ ಮುಂದೆ ಅದನ್ನು ಮಂಡಿಸಿದವರು ಅವರೇ. ಅದೇ ವಿಧಿಯಲ್ಲಿ ಮುನ್ನೆಚ್ಚರಿಕೆ ಬಂಧನಕ್ಕೂ ಜಾಗ ಉಳಿಯಿತು, ಪ್ರಭುತ್ವಗಳು ಆ ಜಾಗವನ್ನು ದೊಡ್ಡದು ಮಾಡುತ್ತಲೇ ಬಂದಿವೆ. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಎಂಬ 51ಎ ವಿಧಿ ಸೇರಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯಲ್ಲಿ, ಪ್ರಶ್ನೆ ಕೇಳಿದವರು ಜೈಲಿನಲ್ಲಿದ್ದಾಗ. ಪ್ರಶ್ನಿಸುವುದನ್ನು ಕರ್ತವ್ಯವೆಂದು ಬರೆದು, ಪ್ರಶ್ನಿಸಿದವನನ್ನು ಕೂಡಿಹಾಕುವುದು ಪ್ರಭುತ್ವಕ್ಕೆ ಹೊಸದಲ್ಲ.

ಸನ್ನತಿಯ ಕಡೆಯ ಹಿರಿಯರೊಬ್ಬರು ಹೇಳಿದ್ದು: 'ಮಾಸ್ತರ, ದೂರದೂರಿಂದ ಬರ್ತಾರ, ಓದ್ತಾರ, ಬರ್ಕೊಂಡು ಹೋಗ್ತಾರ. ಅದರಾಗ ಏನದ ಅಂತ ನಮಗ ಯಾರೂ ಹೇಳಂಗಿಲ್ಲ.' ಒಬ್ಬನೇ ಕೇಳುಗನಿದ್ದರೂ ಓದಿ ಹೇಳಿ ಎಂದು ಬರೆದ ಕಲ್ಲಿನ ಊರಲ್ಲಿ ಬಂದ ಮಾತು ಇದು. ಕನಗನಹಳ್ಳಿಯ ವರದಿ ಕನ್ನಡದಲ್ಲಿ ಬರಲಿ. ಉತ್ಖನನ ಮುಗಿದ ಗೊತ್ತಾದ ಅವಧಿಯೊಳಗೆ ವರದಿ ಪ್ರಕಟವಾಗಲೇಬೇಕು ಎಂಬ ನಿಯಮ ಗಟ್ಟಿಯಾಗಲಿ, ಒಪ್ಪದವರ ಟಿಪ್ಪಣಿಯೂ ಅದರ ಜೊತೆಗೇ ಅಚ್ಚಾಗಲಿ. ಸೇಡಂ, ವಾಡಿ, ಚಿಂಚೋಳಿಯ ಶಾಲೆಗಳ ಮಕ್ಕಳು ಸನ್ನತಿಗೆ ಬಂದು, ಕಲ್ಲಿನ ಮಾತನ್ನು ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಓದಲಿ. ಇಷ್ಟಕ್ಕೆ ಯಾರ ಅಪ್ಪಣೆಯೂ ಬೇಕಾಗಬಾರದು. ಬೇಕು ಎಂದು ಯಾರಾದರೂ ಅಂದರೆ, ಆ ಆದೇಶವನ್ನೂ ಓದಿ ವಿಮರ್ಶೆ ಬರೆಯಬೇಕು.