ಆಸ್ಪತ್ರೆಯ ಕಡತಕ್ಕೆ ಕಳ್ಳನ ಬೀಗ

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆಗಳು ತೆರೆಯದಾದವು. ಹೊರರೋಗಿಗಳ ಚೀಟಿ, ದಾಖಲಾತಿ, ಲ್ಯಾಬ್ ವರದಿ ಎಲ್ಲವನ್ನೂ ಸಿಬ್ಬಂದಿ ಕೈಯಲ್ಲೇ ಬರೆಯಬೇಕಾಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತೆಂದು ಆಮೇಲೆ ಸರ್ಕಾರ ಸಂಸತ್ತಿಗೆ ತಿಳಿಸಿತು.

ಹೀಗೆ ಬೀಗ ಜಡಿದು ಹಣ ಕೇಳುವ ತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎನ್ನುತ್ತಾರೆ. ಇದರ ಹಿಂದಿರುವ ಗಣಿತ ನಮ್ಮ ಬ್ಯಾಂಕ್ ವ್ಯವಹಾರವನ್ನು ಕಾಪಾಡುವ ಗಣಿತವೇ. ಇಂಥ ತಂತ್ರಾಂಶ ಸಾಮಾನ್ಯವಾಗಿ ಮೊದಲು ಅಲ್ಲೇ ಒಂದು ಕೀಲಿಯನ್ನು ಸೃಷ್ಟಿಸಿ, ಅದರಿಂದ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸುತ್ತದೆ. ಬಳಿಕ ಆ ಕೀಲಿಯನ್ನೇ ಇನ್ನೊಂದು ಬೀಗದೊಳಗೆ ಇಡುತ್ತದೆ. ಈ ಎರಡನೆಯ ಬೀಗವನ್ನು ಹಾಕುವ ಕೀಲಿ ಬೇರೆ, ತೆಗೆಯುವ ಕೀಲಿ ಬೇರೆ. ಹಾಕುವುದು ತಂತ್ರಾಂಶದ ಜೊತೆಗೇ ಬಂದಿರುತ್ತದೆ. ತೆಗೆಯುವುದು ಕಳ್ಳರ ಬಳಿಯೇ ಉಳಿದಿರುತ್ತದೆ. ಆಸ್ಪತ್ರೆಯ ಕಂಪ್ಯೂಟರುಗಳನ್ನು ಎಷ್ಟು ಜಾಲಾಡಿದರೂ ಅದು ಸಿಗುವುದಿಲ್ಲ.

ಒಳಗೆ ಬಂದದ್ದು ಎಲ್ಲೆಡೆ ಹರಡಿದ್ದು ಹೇಗೆ? ಏಮ್ಸ್ ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ ಎಂಬುದು ತನಿಖೆಯಲ್ಲಿ ಕಂಡ ಕಾರಣ. ಮುಂಬಾಗಿಲಿಗೆ ಮಾತ್ರ ಚಿಲಕವಿದ್ದು ಒಳಕೋಣೆಗಳಿಗೆ ಬಾಗಿಲೇ ಇಲ್ಲದ ಮನೆಯಂತೆ. ನೋಂದಣಿ ಕೌಂಟರಿನ ಕಂಪ್ಯೂಟರಿಗೆ ದಾಖಲೆ ಸರ್ವರಿನ ಜೊತೆ ಎಷ್ಟು ಮಾತು ಬೇಕೋ ಅಷ್ಟಕ್ಕೇ ಅವಕಾಶ ಕೊಟ್ಟು, ಉಳಿದ ದಾರಿಗಳನ್ನು ಫೈರ್‌ವಾಲ್ ಮುಚ್ಚಬೇಕು. ಸ್ಕ್ಯಾನಿಂಗ್ ಯಂತ್ರಗಳನ್ನಂತೂ ಪ್ರತ್ಯೇಕವೇ ಇಡಬೇಕು. ಹಳೆಯ ವಿಂಡೋಸ್‌ನಲ್ಲಿ ಓಡುವ ಅವು ಎಷ್ಟೋ ಕಡೆ ಇನ್ನೂ ದುಡಿಯುತ್ತಿವೆ, ಅವುಗಳ ತಂತ್ರಾಂಶಕ್ಕೆ ಹೊಸ ಭದ್ರತಾ ತೇಪೆ (ಪ್ಯಾಚ್) ಹಾಕುವುದು ಸುಲಭವಲ್ಲ.

ಏಮ್ಸ್ ಬಳಸುತ್ತಿದ್ದ ಇ-ಹಾಸ್ಪಿಟಲ್ ಎಂಬ ತಂತ್ರಾಂಶದ ದಾಖಲೆಗಳು ಮರಳಿ ದೊರೆತದ್ದು ದಾಳಿಗೆ ಸಿಗದ ಒಂದು ಬ್ಯಾಕಪ್ ಸರ್ವರಿನಿಂದ. ನನಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾಗಿ ಕಾಣುವುದು ಇದೇ. ದಾಳಿಕೋರರು ಮೊದಲು ಹುಡುಕುವುದೇ ಬ್ಯಾಕಪ್ಪನ್ನು. ಆದ್ದರಿಂದ ಒಂದು ಪ್ರತಿಯಾದರೂ ಜಾಲದಿಂದ ಪೂರ್ತಿ ಕಳಚಿರಬೇಕು, ಹಲವು ವಾರ ಹಿಂದಿನ ಪ್ರತಿಗಳೂ ಉಳಿದಿರಬೇಕು, ಏಕೆಂದರೆ ಬೀಗ ಬೀಳುವ ಎಷ್ಟೋ ಮೊದಲೇ ಕಳ್ಳರು ಒಳಹೊಕ್ಕಿರಬಹುದು. ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2021ರ ಮಾರ್ಚ್ 18ರಂದು ಸಿಬ್ಬಂದಿಯೊಬ್ಬರು ಇಮೇಲಿನಲ್ಲಿ ಬಂದ ಎಕ್ಸೆಲ್ ಕಡತ ತೆರೆದರು. ಬೀಗ ಬಿದ್ದದ್ದು ಮೇ 14ರಂದು. ನಡುವಿನ ಎಂಟು ವಾರ ಕಳ್ಳರು ಒಳಗೇ ಓಡಾಡಿಕೊಂಡಿದ್ದರು. ಕೊನೆಗೆ ಅವರೇ ಕೀಲಿಯನ್ನು ಪುಕ್ಕಟೆ ಕೊಟ್ಟರೂ ಎಲ್ಲ ಸರ್ವರುಗಳನ್ನು ಬಿಡಿಸಲು ತಿಂಗಳುಗಳೇ ಹಿಡಿದವು. ಬ್ಯಾಕಪ್ಪಿನಿಂದ ದಾಖಲೆ ಮರಳಿಸುವ ಅಭ್ಯಾಸವನ್ನು ಆಸ್ಪತ್ರೆಗಳು ದಾಳಿಗೆ ಮೊದಲೇ ಮಾಡಿ ನೋಡಬೇಕಾದದ್ದು ಅದಕ್ಕೇ.

ಬ್ಯಾಕಪ್ ನೀಗಿಸಲಾರದ ನಷ್ಟವೂ ಒಂದಿದೆ. ಬೀಗ ಹಾಕುವ ಮೊದಲು ದಾಖಲೆಗಳ ಪ್ರತಿಯನ್ನು ಕದ್ದೊಯ್ಯುವುದು ಈಗ ರೂಢಿ. ಪಾಸ್‌ವರ್ಡ್ ಬದಲಿಸಬಹುದು, ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಬದಲಿಸಲಾಗದು. ಇಂಥ ದಾಖಲೆಗಳನ್ನು ಆಸ್ಪತ್ರೆಯೇ ಮೊದಲು ಗೂಢಲಿಪಿಯಲ್ಲಿಟ್ಟು, ಕೀಲಿಯನ್ನು ಬೇರೊಂದು ಯಂತ್ರದಲ್ಲಿ ಇರಿಸಿಕೊಂಡರೆ, ಡಿಸ್ಕಿನಿಂದ ನಕಲು ಮಾಡಿಕೊಂಡವರಿಗೆ ಓದಲು ಏನೂ ಸಿಗುವುದಿಲ್ಲ. ಸಿಬ್ಬಂದಿಯ ಲಾಗಿನ್ ಕದ್ದು ಬಂದವರಿಗೆ ಮಾತ್ರ ಆ ದಾಖಲೆಗಳು ತೆರೆದೇ ಇರುತ್ತವೆ. ಹಾಗಾಗಿ ಒಬ್ಬೊಬ್ಬರಿಗೂ ಪ್ರತ್ಯೇಕ ಲಾಗಿನ್ ಇರಬೇಕು, ಯಾವ ಕಡತವನ್ನು ಯಾರು, ಯಾವಾಗ ತೆರೆದರೆಂಬ ಲೆಕ್ಕವೂ ಉಳಿಯಬೇಕು.