ಅಂಗಳವೇ ಡೊಂಕಿದ್ದರೆ? ಗುರಿ ತಪ್ಪುವ ರೈಫಲ್‌ನ ಜಾಡು ಹಿಡಿದು

ಪುಣೆಯ ಬಾಲೇವಾಡಿ, ಮುಂಬೈನ ವರ್ಲಿ, ದಿಲ್ಲಿಯ ಕರ್ಣಿ ಸಿಂಗ್ ರೇಂಜ್, ಹೈದರಾಬಾದಿನ ಗಚ್ಚಿಬೌಲಿ. ಶನಿವಾರ ಬೆಳಿಗ್ಗೆ ಈ ಯಾವ ಶೂಟಿಂಗ್ ರೇಂಜಿಗೆ ಹೋದರೂ ಮಕ್ಕಳ ಬ್ಯಾಗು ಹೊತ್ತು ಬೆಂಚಿನ ಮೇಲೆ ಕಾಯುತ್ತಾ ಕೂತ ಅಪ್ಪ ಅಮ್ಮಂದಿರು ಸಿಗುತ್ತಾರೆ. ಅವರಲ್ಲಿ ಒಬ್ಬಿಬ್ಬರಾದರೂ ಕನ್ನಡದಲ್ಲಿ ಮಾತಾಡಿಕೊಳ್ಳುವವರು ಇದ್ದೇ ಇರುತ್ತಾರೆ. ಹಾಗೆ ಕಿವಿಗೆ ಬೀಳುವ ಮಾತುಗಳಲ್ಲಿ ಒಂದು ಮಾತ್ರ ಎಲ್ಲ ಊರಲ್ಲೂ ಒಂದೇ.

"ಅಪ್ಪಾ, ರೈಫಲ್ ಸರಿ ಇಲ್ಲ. ನಿನ್ನೆ ಸರಿಯಾಗಿ ಸೆಟ್ ಮಾಡಿದ್ದೆ, ಇವತ್ತು ಎಲ್ಲಾ ಎಡಕ್ಕೆ ಹೋಗ್ತಿದೆ."

"ರೈಫಲ್ ಸರಿಯಾಗೇ ಇದೆ ಪುಟ್ಟಿ. ನಿನ್ನ ಗಮನ ಎಲ್ಲಿದೆ ನೋಡ್ಕೋ."

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂಬ ಗಾದೆ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಕೆಲವೊಮ್ಮೆ ಅಂಗಳ ನಿಜವಾಗಿಯೂ ಡೊಂಕಾಗಿರುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ರೈಫಲ್ಲೇ ತಪ್ಪು ಮಾಡುತ್ತಿದ್ದು, ತಿಂಗಳುಗಟ್ಟಲೆ ಬೈಸಿಕೊಂಡ ಮಗು ಆಟವನ್ನೇ ಬಿಡಬಹುದು. ಅಥವಾ ರೈಫಲ್ ಚೆನ್ನಾಗಿದ್ದೂ ಮನೆಯವರು ಇನ್ನೊಂದು ರೈಫಲ್‌ಗೆ ಸಾಲ ಮಾಡಬಹುದು. ಎರಡೂ ನಷ್ಟವೇ. ಹಾಗಾಗಿ ತಪ್ಪು ಯಾರದು ಎಂದು ಪರೀಕ್ಷೆ ಮಾಡಿ ತಿಳಿಯುವುದು ಒಳ್ಳೆಯದು.

ಝೀರೋ ಎಂದರೆ

ಸೈಟ್‌ನಲ್ಲಿ ನೋಡಿದ ಜಾಗಕ್ಕೇ ಪೆಲೆಟ್ ಹೋಗಿ ಬೀಳುವಂತೆ ಹೊಂದಿಸಿಡುವುದಕ್ಕೆ ಶೂಟರ್‌ಗಳು ಝೀರೋ ಮಾಡುವುದು ಎನ್ನುತ್ತಾರೆ. ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಇದು ಬಹಳ ಸೂಕ್ಷ್ಮದ ಕೆಲಸ. ಇಡೀ ಗುರಿಹಲಗೆಯ ವೃತ್ತ 45.5 ಮಿ.ಮೀ., ನಡುವಿನ ಹತ್ತರ ಚುಕ್ಕಿ ಬರೀ 0.5 ಮಿ.ಮೀ. ಒಂದು ವಲಯದಿಂದ ಇನ್ನೊಂದಕ್ಕೆ 2.5 ಮಿ.ಮೀ. ದೂರ. ಪೆಲೆಟ್ಟೇ 4.5 ಮಿ.ಮೀ. ದಪ್ಪ.

ಈಗ ಒಂದು ಸಣ್ಣ ಲೆಕ್ಕ. ಮುಂದಿನ ಸೈಟ್‌ಗೂ ಹಿಂದಿನ ಸೈಟ್‌ಗೂ 80 ಸೆಂ.ಮೀ. ಅಂತರ ಇದೆ ಎಂದುಕೊಳ್ಳಿ. ಹಿಂದಿನ ಸೈಟ್ ಒಂದು ಕಾಗದದ ಹಾಳೆಯಷ್ಟು, ಅಂದರೆ 0.1 ಮಿ.ಮೀ. ಅಲುಗಿದರೆ ಹತ್ತು ಮೀಟರ್ ಆಚೆ ಪೆಲೆಟ್ 1.25 ಮಿ.ಮೀ. ಸರಿಯುತ್ತದೆ. 10.9 ಬರಬೇಕಾದದ್ದು 10.4 ಆಗುತ್ತದೆ. ದಶಮಾಂಶದಲ್ಲಿ ಅಂಕ ಎಣಿಸುವ, 60 ಗುಂಡುಗಳ ಆಟದಲ್ಲಿ ಇದು ಸಣ್ಣ ಮಾತಲ್ಲ.

ಮೊದಲು ಗುಂಪನ್ನು ನೋಡಿ

ಒಂದೊಂದೇ ಗುಂಡು ಹೊಡೆದು, ಪ್ರತಿಸಲ ಸೈಟ್ ತಿರುಗಿಸುವುದು ಮಕ್ಕಳ ಅಭ್ಯಾಸ. ಹಾಗೆ ಮಾಡಿದರೆ ಎಂದಿಗೂ ಕಾರಣ ಸಿಗುವುದಿಲ್ಲ. ಸೈಟ್ ಮುಟ್ಟದೆ ಐದೋ ಹತ್ತೋ ಗುಂಡು ಹೊಡೆದು, ಅವು ಎಲ್ಲಿ ಗುಂಪಾಗಿವೆ ಎಂದು ನೋಡಬೇಕು.

ಗುಂಪು ಬಿಗಿಯಾಗಿದ್ದು ಇಡಿಯಾಗಿ ಪಕ್ಕಕ್ಕೆ ಸರಿದಿದ್ದರೆ ಸಂಶಯ ಸೈಟ್, ಸ್ಕ್ರೂ ಅಥವಾ ತಲೆ ಇಡುವ ಜಾಗದ ಮೇಲೆ. ಗುಂಪೇ ಚೆದುರಿದ್ದರೆ ಪೆಲೆಟ್, ಬ್ಯಾರೆಲ್, ಸಡಿಲವಾದ ಸ್ಟಾಕ್ ಅಥವಾ ಶೂಟರ್‌ನ ನಿಲುವಿನ ಮೇಲೆ. ಗುಂಪು ಮೆಲ್ಲಗೆ ಕೆಳಕ್ಕೆ ಇಳಿಯುತ್ತಾ ಹೋದರೆ ಗಾಳಿಯ ಒತ್ತಡದ ಮೇಲೆ. ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಸ್ಕ್ರೂಗಳಿಂದ ಶುರು

ಕೈ ಹಾಕುವ ಮೊದಲು ರೈಫಲ್ ಖಾಲಿ ಇದೆಯೇ ನೋಡಿ, ಬ್ಯಾರೆಲ್‌ಗೆ ಸೇಫ್ಟಿ ಫ್ಲ್ಯಾಗ್ ಹಾಕಿ. ಕೋಚ್ ಜೊತೆಗಿರಲಿ.

ಹಿಂದಿನ ಸೈಟ್ ರೈಲಿನ ಮೇಲೆ ಬಿಗಿಯಾಗಿ ಕೂತಿದೆಯೇ, ಮುಂದಿನ ಸೈಟ್ ಅಲುಗುತ್ತದೆಯೇ, ಅದರೊಳಗಿನ ರಿಂಗ್ ಸಡಿಲವಾಗಿದೆಯೇ ನೋಡಿ. ಆಮೇಲೆ ರೈಫಲ್‌ನ ಯಂತ್ರಭಾಗವನ್ನು ಸ್ಟಾಕ್‌ಗೆ ಹಿಡಿದಿಡುವ ಸ್ಕ್ರೂಗಳು. ಇವನ್ನು ಕಂಡಾಬಟ್ಟೆ ಬಿಗಿಮಾಡಬಾರದು. ತಯಾರಕರ ಕೈಪಿಡಿಯಲ್ಲಿ ಎಷ್ಟು ಬಿಗಿ ಎಂದು ಬರೆದಿರುತ್ತದೆ, ಅಷ್ಟನ್ನೇ ಟಾರ್ಕ್ ರೆಂಚ್‌ನಿಂದ ಮಾಡಬೇಕು. ಎರಡು ಸ್ಕ್ರೂಗಳಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಇದ್ದರೂ ಝೀರೋ ಅಲೆಯುತ್ತದೆ.

ಎಲ್ಲ ಬಿಗಿಯಾದ ಮೇಲೆ ಸೈಟ್‌ನಿಂದ ರೈಲಿನವರೆಗೆ, ಸ್ಕ್ರೂ ತಲೆಯಿಂದ ಸ್ಟಾಕ್‌ವರೆಗೆ ಬಿಳಿ ಪೆನ್ಸಿಲ್‌ನಲ್ಲಿ ತೆಳ್ಳಗೆ ಒಂದು ಗೆರೆ ಎಳೆದುಬಿಡಿ. ಮುಂದಿನ ವಾರ ಗೆರೆ ಮುರಿದಿದ್ದರೆ ಅಲ್ಲಿ ಏನೋ ಸರಿದಿದೆ ಎಂದರ್ಥ. ಖರ್ಚು ಹತ್ತು ರೂಪಾಯಿ.

ಸೈಟ್‌ನ ಒಳಗೇ ಸವೆತ ಇದ್ದರೆ? ಹತ್ತು ಗುಂಡಿನ ಗುಂಪು ಹೊಡೆದು, 15 ಕ್ಲಿಕ್ ಬಲಕ್ಕೆ, 15 ಮೇಲಕ್ಕೆ, 15 ಎಡಕ್ಕೆ, 15 ಕೆಳಕ್ಕೆ ತಿರುಗಿಸುತ್ತಾ ಪ್ರತಿ ಮೂಲೆಯಲ್ಲೂ ಒಂದು ಗುಂಪು ಹೊಡೆಯಿರಿ. ಚೌಕ ಸುತ್ತಿ ಕೊನೆಗೆ ಮೊದಲಿನ ಜಾಗಕ್ಕೇ ಬಂದರೆ ಸೈಟ್ ನಂಬಬಹುದು. ಬರದಿದ್ದರೆ ಅದನ್ನು ರಿಪೇರಿಗೆ ಕಳಿಸಬೇಕು.

ಗಾಳಿ ಮತ್ತು ಪೆಲೆಟ್

ಇಂದಿನ ಏರ್ ರೈಫಲ್‌ಗಳ ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬುತ್ತಾರೆ. ಅದನ್ನು ಒಂದೇ ಸಮ ಹರಿಸುವುದು ರೆಗ್ಯುಲೇಟರ್‌ನ ಕೆಲಸ. ಪೆಲೆಟ್ ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಟರೆ ಹತ್ತು ಮೀಟರ್ ದಾಟುವಷ್ಟರಲ್ಲಿ ಗುರುತ್ವಕ್ಕೆ ಸುಮಾರು 17 ಮಿ.ಮೀ. ಇಳಿಯುತ್ತದೆ. ವೇಗ 160ಕ್ಕೆ ಕುಸಿದರೆ ಇನ್ನೂ 2 ಮಿ.ಮೀ. ಕೆಳಕ್ಕೆ, ಅಂದರೆ ಹೆಚ್ಚುಕಡಿಮೆ ಒಂದು ವಲಯ. ಹಾಗಾಗಿ ಗುಂಪು ಕೆಳಗಿಳಿಯುತ್ತಿದ್ದರೆ ಒತ್ತಡದ ಮಾಪಕ ನೋಡಿ, ವೇಗ ಅಳೆಯುವ ಕ್ರೋನೋಗ್ರಾಫ್ ರೇಂಜಿನಲ್ಲಿದ್ದರೆ ಅಳೆಸಿ. ರೆಗ್ಯುಲೇಟರ್ ಅಥವಾ ಸಿಲಿಂಡರನ್ನು ಮನೆಯಲ್ಲಿ ಬಿಚ್ಚಲೇಬೇಡಿ. 200 ಬಾರ್ ಕೈಕಾಲು ತೆಗೆಯುವಷ್ಟು ಒತ್ತಡ. ಸಿಲಿಂಡರ್ ಅವಧಿಯೊಳಗಿದೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನು ಅಂತರರಾಷ್ಟ್ರೀಯ ನಿಯಮವೇ ಶೂಟರ್ ಮೇಲೆ ಹಾಕಿದೆ.

ಪೆಲೆಟ್‌ಗಳ ತಲೆಯ ಅಳತೆಯಲ್ಲೂ 4.49, 4.50, 4.51 ಎಂಬ ವ್ಯತ್ಯಾಸಗಳಿವೆ. ಒಂದು ಬ್ಯಾರೆಲ್‌ಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗದು. ಡಬ್ಬಿ ಬದಲಾದ ದಿನವೇ ಗುಂಪು ಚೆದುರಿತೇ ಎಂದು ಕೇಳಿ. ಕೆಳಗೆ ಬಿದ್ದು ಅಂಚು ನೆಗ್ಗಿದ ಪೆಲೆಟ್ಟನ್ನು ಎಸೆಯುವುದೇ ಲಾಭ.

ರೈಫಲ್‌ನ ಸಾಕ್ಷಿ

ಇಷ್ಟಾದರೂ ಗೊಂದಲ ಉಳಿದರೆ ರೈಫಲನ್ನು ವೈಸ್‌ನಲ್ಲಿ ಭದ್ರವಾಗಿ ಹಿಡಿಸಿ, ಅದೇ ಪೆಲೆಟ್‌ನಿಂದ ಹೊಡೆಸಿ. ಐದೂ ಹೆಚ್ಚುಕಡಿಮೆ ಒಂದೇ ತೂತಿಗೆ ಹೋದರೆ ಬ್ಯಾರೆಲ್, ಗಾಳಿ, ಪೆಲೆಟ್ ಮೂರೂ ನಿರ್ದೋಷಿ. ವೈಸ್ ಸೈಟ್ ಬಗ್ಗೆ ಏನೂ ಹೇಳುವುದಿಲ್ಲ, ಅದಕ್ಕೆ ಚೌಕದ ಪರೀಕ್ಷೆಯೇ ಬೇಕು. ಎರಡರಲ್ಲೂ ಪಾಸಾದರೆ ಮಾತ್ರ ಶೂಟರ್ ಕಡೆ ತಿರುಗಬೇಕು.

ಅಲ್ಲಿಯೂ ಗಮನ ಎಂಬ ಒಂದೇ ಪದ ಸಾಲದು. ಕೆನ್ನೆ ನಿನ್ನೆ ಇಟ್ಟ ಜಾಗದಲ್ಲೇ ಇದೆಯೇ? ಅಷ್ಟೇ ಭಾರ ಹಾಕುತ್ತಿದೆಯೇ? ಕಣ್ಣು ಸೈಟ್‌ನ ತೂತಿನ ನಡುವೆ ಇದೆಯೇ? ರೈಫಲ್ ಒಂದು ಕಡೆ ವಾಲುತ್ತಿದೆಯೇ? ಬೆಳೆಯುವ ಮಕ್ಕಳಲ್ಲಿ ಕತ್ತು, ತೋಳು ಆರು ತಿಂಗಳಲ್ಲಿ ಉದ್ದವಾಗುತ್ತವೆ. ಕೆನ್ನೆಹಲಗೆ ಮಾತ್ರ ಹಳೆಯ ಎತ್ತರದಲ್ಲೇ ಉಳಿದಿರುತ್ತದೆ. ಮಗುವಿನ ತಪ್ಪೂ ಅಲ್ಲ, ರೈಫಲ್‌ನ ತಪ್ಪೂ ಅಲ್ಲ. ರೇಂಜಿನ ಬೆಳಕು ಬದಲಾದರೂ ಕಣ್ಣಿಗೆ ಕರಿಚುಕ್ಕಿ ಬೇರೆ ತರಹ ಕಾಣುತ್ತದೆ.

ಮಹಾನಗರದವರಿಗೆ ಇನ್ನೊಂದು ಮಾತು. ಮೇ ತಿಂಗಳ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬೆಂದ ರೈಫಲನ್ನು ನೇರ ಎಸಿ ರೇಂಜಿಗೆ ಒಯ್ದು ಝೀರೋ ಮಾಡಬೇಡಿ, ಅರ್ಧ ಗಂಟೆ ಬಿಡಿ. ರೈಲು, ವಿಮಾನದ ಪ್ರಯಾಣವಾದ ಮೇಲೆ ಪೆನ್ಸಿಲ್ ಗೆರೆಗಳನ್ನು ಮೊದಲು ನೋಡಿ. ಮುಂಬೈ, ಚೆನ್ನೈನ ತೇವಕ್ಕೆ ಮರದ ಸ್ಟಾಕ್ ಉಬ್ಬುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ.

ಬಿಂದ್ರಾ ಮಾಡಿದ್ದು

ಬೀಜಿಂಗ್ ಫೈನಲ್‌ಗೆ ಮುಂಚಿನ ಅಭ್ಯಾಸದ ಹೊಡೆತದಲ್ಲಿ ಬಿಂದ್ರಾ ಅವರ ಗುಂಡು ನಾಲ್ಕರ ವಲಯಕ್ಕೆ ಹೋಗಿತ್ತು. ಅರ್ಹತಾ ಸುತ್ತಿನಲ್ಲಿ 600ಕ್ಕೆ 596 ಕೊಟ್ಟ ಅದೇ ರೈಫಲ್! ಅಷ್ಟು ದೂರ ಹೋದದ್ದು ಕೈತಪ್ಪಲ್ಲ ಎಂದು ಅವರಿಗೆ ಗೊತ್ತಾಯಿತು, ಏಕೆಂದರೆ ತನ್ನ ಹೊಡೆತ ಹೇಗಿರುತ್ತದೆ ಎಂಬ ಅರಿವು ಅವರಿಗಿತ್ತು. ಉಳಿದ ನಿಮಿಷಗಳಲ್ಲಿ ಸೈಟ್ ಸರಿಪಡಿಸಿಕೊಂಡರು. ಫೈನಲ್‌ನ ಮೊದಲ ಗುಂಡು 10.7, ಕೊನೆಯದು 10.8, ಒಟ್ಟು 700.5.

ಆ ಅರಿವು ಬರುವುದು ಬರೆದಿಟ್ಟುಕೊಳ್ಳುವುದರಿಂದ. ಮಗುವಿಗೆ ಒಂದು ನೋಟ್‌ಬುಕ್ ಕೊಡಿಸಿ. ದಿನಾಂಕ, ಪೆಲೆಟ್ ಡಬ್ಬಿಯ ಸಂಖ್ಯೆ, ಒತ್ತಡ, ಎಷ್ಟು ಕ್ಲಿಕ್ ಯಾವ ಕಡೆ, ಏನು ಬದಲಾಯಿಸಿದ್ದು ಎಂದು ಬರೆಯಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಲಿ. ಮುಂದಿನ ಸಲ "ರೈಫಲ್ ಸರಿ ಇಲ್ಲ" ಎಂದಾಗ ಬೈಯುವ ಮೊದಲು ಆ ಪುಟ ತೆಗೆಸಿ, ಇಬ್ಬರೂ ಕೂತು ಓದಿ.